ಗುಂಡತ್ತೆಯ ಐದು ಪರಮಾಣುಗಳು

ನನ್ನ ಸೋದರತ್ತೆ ಕಡ್ಡಿಯ ಹಾಗೆ ತೆಳ್ಳಗಿದ್ದಾಳೆ. ಆದರೂ ಎಲ್ಲರ ಬಾಯಲ್ಲೂ ಅವಳು ಗುಂಡತ್ತೆ. ಹೊಸದಾಗಿ ಪರಿಚಯವಾದವರು ಮೊದಲು ಹೆಸರು ಕೇಳಿ, ಆಮೇಲೆ ಆಳನ್ನು ಕಂಡು ತಬ್ಬಿಬ್ಬಾಗುವುದೆಂದರೆ ಅವಳಿಗೆ ಎಲ್ಲಿಲ್ಲದ ಖುಷಿ. "ಗುಂಡಗಿರೋದು ನಾನಲ್ಲ, ನಾನು ಮಾಡೋ ಸಾಮಾನು" ಎಂದು ತಾನೇ ಮೊದಲು ನಗುತ್ತಾಳೆ.

ಅವಳದು ಮರ ಕಡೆಯುವ ಕೆಲಸ. ನಮ್ಮ ತಾತ ಹಿತ್ತಲಿನ ಲೇತಿನಲ್ಲಿ ಮಂಚದ ಕಾಲು, ತೊಟ್ಟಿಲಿನ ಸರಳು ಕಡೆಯುತ್ತಿದ್ದರು. ಅವರ ಮಣಿಕಟ್ಟು ಮುರಿದು ಸರಿಯಾಗಿ ಕೂಡದೆ ಹೋದಾಗ ಅತ್ತೆ ಏಳನೆಯ ತರಗತಿಯಲ್ಲಿದ್ದಳು. ಶಾಲೆಯ ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಉಳಿ ಹಿಡಿದವಳು ಮತ್ತೆ ಚೀಲ ಇಳಿಸಲಿಲ್ಲ. ನನ್ನ ಅಪ್ಪ, ಅಂದರೆ ಅವಳ ತಮ್ಮ, ಇಂದಿಗೂ "ನಾನು ಓದಿದ್ದು ಅಕ್ಕನ ಉಳಿಯಿಂದ" ಎನ್ನುತ್ತಾರೆ. ಹಾಗೆಂದಾಗಲೆಲ್ಲ ಅತ್ತೆ "ಓದಿದ್ದು ನೀನು, ಉಳಿಗೇನು ಗೊತ್ತು" ಎಂದು ಮಾತು ತೇಲಿಸಿಬಿಡುತ್ತಾಳೆ.

ಇಪ್ಪತ್ತು ವರ್ಷವಾದಾಗ ಅವಳು ಬಸ್ ನಿಲ್ದಾಣದ ಹಿಂದಿನ ಒಂದು ಕಾರ್ಖಾನೆಗೆ ಸೇರಿದಳು. ಶಾಲೆಗಳಿಗೆ ಬೇಕಾದ ಮಾದರಿಗಳನ್ನು ಮಾಡುವ ಕಾರ್ಖಾನೆ ಅದು. ಕೆಳಗಿನ ಅಂತಸ್ತಿನಲ್ಲಿ ಮರಗೆಲಸ, ಮೇಲಿನ ಅಂತಸ್ತಿನಲ್ಲಿ ಪ್ಲಾಸ್ಟರು. ಚಿಕ್ಕವಳಿದ್ದಾಗ ನಾನು ಅಲ್ಲಿಗೆ ಹೋಗುವುದೆಂದರೆ ಕುಣಿದಾಡುತ್ತಿದ್ದೆ. ಮೆಟ್ಟಿಲು ಹತ್ತಿದರೆ ಸಾಲಾಗಿ ಹಲ್ಲಿನ ದವಡೆಗಳು. ಕಿಟಕಿಯ ಬಳಿ, ಹೊಟ್ಟೆ ತೆರೆದುಕೊಂಡು ನಿಂತ ಮನುಷ್ಯ. ಗೋಡೆಯುದ್ದದ ಹಲಗೆಯ ಮೇಲೆ ಒಣಗುತ್ತಿರುವ ನಲವತ್ತು ಕಿವಿಗಳು, ಎಲ್ಲವೂ ಎಡಗಿವಿ. "ಇಲ್ಲಿ ಗುಟ್ಟು ಮಾತಾಡಬೇಡ ಕಣೇ, ಎಲ್ಲಾ ಕೇಳಿಸ್ಕೋತಾವೆ" ಎಂದು ಅತ್ತೆ ನನ್ನನ್ನು ಹೆದರಿಸುತ್ತಿದ್ದಳು.

ಮೇಲಿನ ಅಂತಸ್ತಿನಲ್ಲಿ ಒಬ್ಬ ಪೇಂಟರ್ ಇದ್ದರು. ಪ್ಲಾಸ್ಟರಿನ ಹೃದಯದ ಮೇಲೆ ಕೆಂಪು ನೀಲಿ ರಕ್ತನಾಳಗಳನ್ನು ಎಳೆಯುವುದು ಅವರ ಕೆಲಸ. ಗೆರೆ ಎಳೆಯುವಾಗ ಉಸಿರು ಬಿಗಿಹಿಡಿಯುವ ಅವರು ಮಾತಾಡುವಾಗಲೂ ಬಿಗಿಹಿಡಿದೇ ಇರುತ್ತಿದ್ದರು. ದಿನಕ್ಕೊಮ್ಮೆ ಕೆಳಗಿಳಿದು ಅತ್ತೆಯ ಲೇತಿನ ಹತ್ತಿರ ನಿಂತು, "ಒಂದು ತುಂಡು ಉಪ್ಪು ಕಾಗದ ಇದ್ರೆ ಕೊಡ್ತೀರಾ?" ಎಂದು ಕೇಳಿ, ಪಡೆದುಕೊಂಡು ಹೋಗುತ್ತಿದ್ದರು. ಹನ್ನೊಂದು ವರ್ಷ ಹೀಗೇ ನಡೆಯಿತು. ಪ್ಲಾಸ್ಟರಿಗೆ ಬಣ್ಣ ಬಳಿಯುವವನಿಗೆ ಮರ ಉಜ್ಜುವ ಕಾಗದ ಅಷ್ಟೊಂದು ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ಅತ್ತೆಗೆ ಮೂವತ್ತಮೂರಾದ ವರ್ಷ ಕಾರ್ಖಾನೆಗೆ ಒಂದು ದೊಡ್ಡ ಕೆಲಸ ಬಂತು. ಪರಮಾಣು ಹೇಗಿದೆ ಎಂದು ವಿಜ್ಞಾನಿಗಳು ಒಂದೊಂದು ಕಾಲದಲ್ಲಿ ಒಂದೊಂದು ರೀತಿ ತಿಳಿದಿದ್ದರಲ್ಲ, ಆ ಐದು ರೂಪಗಳ ಐದು ಮಾದರಿಗಳು ಒಂದೊಂದು ಪ್ರೌಢಶಾಲೆಗೂ ಬೇಕು ಎಂದು ಶಿಕ್ಷಣ ಇಲಾಖೆ ಕೇಳಿತ್ತು. ಸಲಹೆ ಕೊಡಲು ಒಬ್ಬ ನಿವೃತ್ತ ವಿಜ್ಞಾನದ ಟೀಚರನ್ನು ಕಳಿಸಿದರು. ಅವರು ಬಟ್ಟೆಯ ಚೀಲದೊಂದಿಗೆ ಬಂದು, ಮರದ ಹೊಟ್ಟನ್ನು ಕೈಯಿಂದ ಸರಿಸಿ ಸ್ಟೂಲಿನ ಮೇಲೆ ಕೂತು, ಐದು ಚಿತ್ರಗಳನ್ನು ಅತ್ತೆಯ ಮುಂದೆ ಹರಡಿದರು.

ಅತ್ತೆ ಐದನ್ನೂ ನೋಡಿದಳು. "ಇದ್ರಲ್ಲಿ ಸರಿಯಾದ್ದು ಯಾವುದು ಟೀಚರ್?"

"ಐದನೇದು. ಸದ್ಯಕ್ಕೆ."

"ಮತ್ತೆ ಈ ನಾಲ್ಕು?"

"ತಪ್ಪು. ಒಂದೊಂದು ಒಂದೊಂದು ಥರ ತಪ್ಪು."

ಅತ್ತೆ ಚಿತ್ರಗಳನ್ನು ಜೋಡಿಸಿ ಅವರ ಕೈಗೇ ವಾಪಸ್ಸು ಕೊಟ್ಟಳು. "ಹದಿಮೂರು ವರ್ಷದಿಂದ ಇಲ್ಲಿದ್ದೀನಿ. ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಸಾಮಾನು ಮಾಡಿಲ್ಲ."

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅವರಿಗೆ ಸಿಟ್ಟು ಬಂದಿರಲಿಲ್ಲ, ನಗು ಬಂದಿತ್ತು. "ಒಂದು ಕೆಲಸ ಮಾಡು. ಮೊದಲನೇದನ್ನ ಮಾಡ್ತಾ ಅದರ ಕತೆ ಕೇಳು. ಇಷ್ಟವಾಗಲಿಲ್ಲ ಅಂದ್ರೆ ನಾನೇ ಚಿತ್ರ ತಗೊಂಡು ಮನೆಗೆ ಹೋಗ್ತೀನಿ."

ಮೊದಲನೆಯದು ಬರೀ ಒಂದು ಗುಂಡು. ಇನ್ನೂರು ವರ್ಷದ ಹಿಂದೆ ಒಬ್ಬ ಶಾಲಾ ಮೇಷ್ಟ್ರು, ಪ್ರತಿಯೊಂದು ಮೂಲವಸ್ತುವೂ ತನ್ನದೇ ತೂಕದ ಪುಟ್ಟ ಪುಟ್ಟ ಗುಂಡುಗಳಿಂದ ಆಗಿದೆ, ಆ ಗುಂಡನ್ನು ಒಡೆಯಲಾಗದು ಎಂದು ಲೆಕ್ಕ ಹಾಕಿ ಹೇಳಿದರಂತೆ. ಮಕ್ಕಳಿಗೆ ತೋರಿಸಲೆಂದು ಅವರ ಸ್ನೇಹಿತರೊಬ್ಬರು ಮರದ ಗುಂಡುಗಳನ್ನು ಮಾಡಿಸಿಕೊಟ್ಟಿದ್ದರಂತೆ.

ಅತ್ತೆ ಲೇತು ನಿಲ್ಲಿಸಿದಳು. "ಮರದ ಗುಂಡಾ? ನಿಜವಾಗ್ಲೂ?"

"ನಿಜವಾಗ್ಲೂ."

"ಅಂದ್ರೆ ಮೊದಲನೇ ಪರಮಾಣು ಮಾಡಿದ್ದು ನಮ್ಮ ಕಸುಬಿನವರು!"

ಅಲ್ಲಿಗೆ ಟೀಚರ್ ಮನೆಗೆ ಹೋಗುವ ಮಾತು ಮುಗಿಯಿತು. ಅತ್ತೆ ಆ ವಿಜ್ಞಾನಿಗೆ ಅಲ್ಲೇ 'ಗೋಲಿ ಮೇಷ್ಟ್ರು' ಎಂದು ಹೆಸರಿಟ್ಟಳು. ದೂರದೇಶದ ಹೆಸರುಗಳು ಅವಳ ನಾಲಿಗೆಗೆ ಒಗ್ಗುತ್ತಿರಲಿಲ್ಲ. ಎಲ್ಲರಿಗೂ ಅವರವರ ಕೆಲಸದ ಮೇಲೆ ಹೆಸರಿಡುವುದು ಕಾರ್ಖಾನೆಯ ರೂಢಿಯೂ ಆಗಿತ್ತು. ಗುಂಡು ಕಡೆಯುವುದು ಕೇಳುವವರಿಗೆ ಸುಲಭ, ಮಾಡುವವರಿಗಲ್ಲ. ತಗಡಿನಲ್ಲಿ ಅರ್ಧಚಂದ್ರ ಕತ್ತರಿಸಿದ ಅಚ್ಚನ್ನು ಗುಂಡಿಗೆ ಒತ್ತಿ ಬೆಳಕಿಗೆ ಹಿಡಿಯಬೇಕು. ಎಲ್ಲಾದರೂ ಕೂದಲೆಳೆಯಷ್ಟು ಬೆಳಕು ತೂರಿದರೆ ಅದು ಗುಂಡಲ್ಲ. ಅತ್ತೆ ಅಚ್ಚು ತಿರುಗಿಸಿ ತಿರುಗಿಸಿ ನೋಡಿ, ಬೆಳಕು ತೂರದ ಗುಂಡನ್ನು ಟೀಚರ್ ಕೈಗಿಟ್ಟಳು. ಅವರು ಅದನ್ನು ಕೆನ್ನೆಗೆ ಒತ್ತಿಕೊಂಡು, "ಎಷ್ಟು ನುಣ್ಣಗಿದೆಯಲ್ಲೇ" ಎಂದರು.

ಎರಡನೆಯದರ ಕತೆ ಅಲ್ಲಿಂದ ಸುಮಾರು ನೂರು ವರ್ಷ ಆಚೆಯದು. ಒಡೆಯಲಾಗದು ಎಂದುಕೊಂಡಿದ್ದ ಪರಮಾಣುವಿನಿಂದಲೇ ಅದಕ್ಕಿಂತ ಸಾವಿರಾರು ಪಟ್ಟು ಹಗುರವಾದ ಚೂರುಗಳು ಹೊರಬರುತ್ತವೆ ಎಂದು ಇನ್ನೊಬ್ಬರು ಕಂಡುಹಿಡಿದರು. ಅವೇ ಎಲೆಕ್ಟ್ರಾನುಗಳು. ಹಾಗಾದರೆ ಪರಮಾಣು ಗಟ್ಟಿ ಗುಂಡಲ್ಲ, ಕಲ್ಲಂಗಡಿ ಹಣ್ಣಿನ ಹಾಗೆ ಇರಬೇಕು, ಮೈಯೆಲ್ಲ ತಿರುಳು, ನಡುನಡುವೆ ಬೀಜಗಳು ಎಂದು ಅವರು ಊಹಿಸಿದರು. ಅತ್ತೆಯ ಬಾಯಲ್ಲಿ ಇವರು 'ಬೀಜದ ಮೇಷ್ಟ್ರು' ಆದರು. ಗುಂಡನ್ನು ಎರಡು ಹೋಳು ಮಾಡಿ, ಒಂದರ ಅಂಚನ್ನು ಇನ್ನೊಂದರೊಳಗೆ ಕೂಡುವಂತೆ ಕಡೆದು, ಮುಚ್ಚಿದರೆ 'ಟಕ್' ಎಂದು ಕೂತು ಸಂದು ಕಾಣದ ಹಾಗೆ ಮಾಡಲು ಅವಳಿಗೆ ಒಂದು ವಾರ ಹಿಡಿಯಿತು. ಒಳಗಿನ ತಿರುಳಿಗೆ ಪೇಂಟರ್ ಎಂಥ ಕೆಂಪು ಬಳಿದರೆಂದರೆ, ಕಾರ್ಖಾನೆಯ ಯಜಮಾನರ ಮೊಮ್ಮಗಳು ಒಂದು ಹೋಳನ್ನು ನೆಕ್ಕಿಯೇಬಿಟ್ಟಳು.

ಜಗಳ ಶುರುವಾದದ್ದು ಮೂರನೆಯದಕ್ಕೆ.

ಬೀಜದ ಮೇಷ್ಟ್ರ ಶಿಷ್ಯರೊಬ್ಬರು ತೆಳುವಾದ ಚಿನ್ನದ ಹಾಳೆಯ ಮೇಲೆ ಅತಿ ಸಣ್ಣ, ಅತಿ ವೇಗದ ಕಣಗಳನ್ನು ಹೊಡೆಸಿ ನೋಡಿದರಂತೆ. ಪರಮಾಣು ಕಲ್ಲಂಗಡಿಯಂತಿದ್ದರೆ ಎಲ್ಲವೂ ಸಲೀಸಾಗಿ ದಾಟಿಹೋಗಬೇಕು. ಹೆಚ್ಚಿನವು ಹಾಗೇ ಹೋದವು. ಆದರೆ ಸಾವಿರಾರು ಕಣಗಳಲ್ಲಿ ಎಲ್ಲೋ ಒಂದು ಏನಕ್ಕೋ ಬಡಿದ ಹಾಗೆ ಹಿಂದಕ್ಕೆ ಚಿಮ್ಮಿತು. ಟೀಚರ್ ಇಷ್ಟು ಹೇಳಿ, ಮುಂದಿನದನ್ನು ಹೇಗೆ ವಿವರಿಸಲಿ ಎಂದು ತಡವರಿಸುತ್ತಿದ್ದಾಗ ಅತ್ತೆ ಉಳಿ ಎತ್ತಿ ತೋರಿಸಿದಳು.

"ಗಂಟು."

"ಏನಂದೆ?"

"ಮರದಲ್ಲಿ ಗಂಟು ಇರುತ್ತಲ್ಲ ಟೀಚರ್. ಮೆತ್ತನೆ ಮರ, ಉಳಿ ಬೆಣ್ಣೇಲಿ ಹೋದ ಹಾಗೆ ಹೋಗ್ತಿರುತ್ತೆ. ಎಲ್ಲೋ ಒಂದು ಕಡೆ ಗಂಟಿಗೆ ತಗಲಿದ್ರೆ ಕೈಯೇ ಎಗರುತ್ತೆ. ಕಣ್ಣಿಗೆ ಕಾಣದಿದ್ರೂ ಒಳಗೆ ಗಂಟಿದೆ ಅಂತ ಕೈಗೆ ಗೊತ್ತಾಗುತ್ತೆ."

ಟೀಚರ್ ಸ್ಟೂಲಿನಿಂದ ಎದ್ದು ನಿಂತರು. "ಮೂವತ್ತು ವರ್ಷ ಇದೇ ಪಾಠ ಮಾಡಿದೀನಿ. ಗಂಟು ಅಂತ ನನಗೆ ಹೊಳೀಲೇ ಇಲ್ಲ ನೋಡು!"

ಪರಮಾಣುವಿನ ಆ ಗಂಟಿನ ಹೆಸರು ನ್ಯೂಕ್ಲಿಯಸ್. ಅದನ್ನು ಕಂಡುಹಿಡಿದ ಶಿಷ್ಯರು ಅತ್ತೆಯ ಬಾಯಲ್ಲಿ 'ಹಾಳೆ ಮೇಷ್ಟ್ರು' ಆದರು. ಯಜಮಾನರು ಟೊಳ್ಳು ಗುಂಡಿನ ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ನ್ಯೂಕ್ಲಿಯಸ್ ಕೂರಿಸಲು ಹೇಳಿದರು. ಅತ್ತೆ ನಿಜವಾದ ಅಳತೆ ಕೇಳಿದಳು. ಟೀಚರ್ ಪ್ಲೈವುಡ್ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಗುಣಿಸಿ ಭಾಗಿಸಿ, ಅತಿ ಚಿಕ್ಕ ಪರಮಾಣುವನ್ನು ಒಂದು ಗೇಣು ಅಗಲದ ಗುಂಡು ಎಂದುಕೊಂಡರೆ ಅದರ ನ್ಯೂಕ್ಲಿಯಸ್ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು ಎಂದು ಹೇಳಿದರು.

"ಹಂಗಾದ್ರೆ ನಿಂಬೆಹಣ್ಣು ಹೇಗೆ ಇಡಲಿ?" ಎಂದಳು ಅತ್ತೆ.

"ಮಕ್ಕಳಿಗೆ ಕಾಣಬೇಡ್ವೇನಮ್ಮ?" ಎಂದರು ಯಜಮಾನರು.

"ಕಾಣಿಸ್ಬೇಕು ಅಂತ ಸುಳ್ಳು ಹೇಳೋದಾ? ಹಾಳೆ ಮೇಷ್ಟ್ರು ತಪ್ಪಿದ್ರೆ ಅದು ಅವರ ತಪ್ಪು. ನಿಂಬೆಹಣ್ಣು ಇಟ್ರೆ ಅದು ನನ್ನ ತಪ್ಪು."

ಎರಡು ದಿನ ಇಬ್ಬರೂ ಮುಖ ಊದಿಸಿಕೊಂಡು ಓಡಾಡಿದರು. ಮೂರನೆಯ ದಿನ ಅತ್ತೆ ಒಂದು ಉಪಾಯ ಹೂಡಿದಳು. ಟೊಳ್ಳು ಗುಂಡಿನ ಜೊತೆಗೆ ಹೆಬ್ಬೆರಳಿನಷ್ಟೆತ್ತರದ ಒಂದು ಮರದ ಡಬ್ಬಿ ಕಡೆದಳು. ಅದರೊಳಗೆ ಒಂದೇ ಒಂದು ಸಾಸಿವೆ ಕಾಳು. ಜೊತೆಗೆ ಟೀಚರ್ ಬರೆದ ಚೀಟಿ: 'ಇದು ನ್ಯೂಕ್ಲಿಯಸ್. ಇದನ್ನು ಮೈದಾನದ ನಡುವೆ ಇಡಿ. ಎಂಬತ್ತು ಹೆಜ್ಜೆ ನಡೆಯಿರಿ. ಅಲ್ಲಿದೆ ಪರಮಾಣುವಿನ ಅಂಚು.' ಯಜಮಾನರು ಹಣೆ ಹಣೆ ಚಚ್ಚಿಕೊಂಡು ಒಪ್ಪಿದರು. ಮೊದಲ ಮೂರು ಮಾದರಿಗಳು ಪರೀಕ್ಷೆಗೆಂದು ಇಪ್ಪತ್ತು ಶಾಲೆಗಳಿಗೆ ಹೊರಟವು.

ಹದಿನೈದು ದಿನಕ್ಕೆ ಒಂದು ಶಾಲೆಯ ಹೆಡ್‌ಮಾಸ್ಟರರಿಂದ ದೂರಿನ ಪತ್ರ ಬಂತು. ಯಜಮಾನರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. 'ಮೂರನೆಯ ಮಾದರಿಯ ಒಳಗಿನ ಭಾಗ ದಾರಿಯಲ್ಲಿ ಕಳವಾಗಿರುತ್ತದೆ. ಅದರ ಡಬ್ಬಿಯಲ್ಲಿ ನಿಮ್ಮ ಕೆಲಸಗಾರರು ಯಾರದೋ ಅಡುಗೆಮನೆಯ ಸಾಸಿವೆ ಹಾಕಿ ಕಳಿಸಿರುತ್ತಾರೆ. ಸದರಿ ಸಾಸಿವೆಯನ್ನು ನಮ್ಮ ಜವಾನರು ಗುಡಿಸಿ ಹಾಕಿರುತ್ತಾರೆ. ಕೂಡಲೇ ಅಸಲು ನ್ಯೂಕ್ಲಿಯಸ್ ಕಳಿಸತಕ್ಕದ್ದು.'

ಕಾರ್ಖಾನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಯಜಮಾನರು ಮಾತ್ರ ನಗಲಿಲ್ಲ. "ಹೋಗಮ್ಮ, ನೀನೇ ಹೋಗಿ ಅಸಲು ನ್ಯೂಕ್ಲಿಯಸ್ ಕೊಟ್ಟು ಬಾ" ಎಂದರು.

ಅತ್ತೆ ಕಾಲು ಕೆಜಿ ಸಾಸಿವೆಯ ಪೊಟ್ಟಣ ಕಟ್ಟಿಕೊಂಡು ಹೊರಟೇಬಿಟ್ಟಳು. ಟೀಚರೂ ಜೊತೆಗೆ. ವ್ಯಾನು ಓಡಿಸಲು ಪೇಂಟರ್ ತಾವಾಗಿಯೇ ಮುಂದೆ ಬಂದರು. ಹೆಡ್‌ಮಾಸ್ಟರ್ ಎತ್ತರದ, ಇಸ್ತ್ರಿ ಮುರಿಯದ ಮನುಷ್ಯ. ಅತ್ತೆ ಐದಾರು ಜನಕ್ಕಿಂತ ಹೆಚ್ಚು ಮಂದಿಯ ಮುಂದೆ ಯಾವತ್ತೂ ಬಾಯಿ ತೆರೆದವಳಲ್ಲ; ಮೈದಾನದಲ್ಲಿ ನೂರಿಪ್ಪತ್ತು ಮಕ್ಕಳನ್ನು ನೋಡಿ ಹೆದರಿಬಿಟ್ಟಳು. ಮಾತಾಡುವ ಬದಲು ಕೆಲಸ ಶುರುಮಾಡಿದಳು. ಎರಡು ಜಡೆಯ ಒಬ್ಬ ಹುಡುಗಿಯನ್ನು ನಡುವೆ ನಿಲ್ಲಿಸಿ, ಅವಳ ಅಂಗೈ ಮೇಲೆ ಒಂದು ಕಾಳು ಇಟ್ಟಳು. ಮಿಕ್ಕ ಮಕ್ಕಳನ್ನು ಕರೆದುಕೊಂಡು ಎಣಿಸುತ್ತಾ ನಡೆದಳು. ಎಂಬತ್ತಾಗುವಷ್ಟರಲ್ಲಿ ಮೈದಾನದ ಬೇಲಿಯೇ ಬಂದಿತ್ತು. ಮಕ್ಕಳು ಸುತ್ತಲೂ ವೃತ್ತವಾಗಿ ನಿಂತರು. ಈಗ ಕೂಗದೆ ಬೇರೆ ದಾರಿಯಿರಲಿಲ್ಲ. ಕೂಗುತ್ತಾ ಕೂಗುತ್ತಾ ಅತ್ತೆಯ ಹೆದರಿಕೆ ಎಲ್ಲಿ ಹೋಯಿತೋ.

"ಅವಳ ಕೈಯಲ್ಲಿರೋದು ಕಾಣುತ್ತೇನ್ರೋ?"

"ಇಲ್ಲಾ!"

"ಅದೇ ನ್ಯೂಕ್ಲಿಯಸ್! ಪರಮಾಣುವಿನ ಭಾರ ಎಲ್ಲಾ ಹೆಚ್ಚುಕಮ್ಮಿ ಆ ಕಾಳಲ್ಲೇ ಇದೆ!"

ಹೆಡ್‌ಮಾಸ್ಟರ್ ಗಂಭೀರವಾಗಿ ಕೇಳಿದರು: "ಹಾಗಾದರೆ ಈ ನಡುವಿನ ಇಷ್ಟು ಜಾಗದಲ್ಲಿ ಏನಿದೆ?"

"ಹುಡುಕಿದ್ರೆ ಎಲ್ಲೋ ಒಂದು ಎಲೆಕ್ಟ್ರಾನು ಸಿಗುತ್ತೆ ಸಾರ್. ಬಿಟ್ರೆ ಖಾಲಿ. ನಾನು, ನೀವು, ಆ ಕಂಬ, ಈ ಗೋಡೆ, ಎಲ್ಲಾ ಇದೇ ಥರ."

ಅಷ್ಟರಲ್ಲಿ ನಡುವೆ ನಿಂತಿದ್ದ ಹುಡುಗಿ ಜೋರಾಗಿ ಸೀನಿದಳು. "ಅಯ್ಯೋ ಮಿಸ್, ನ್ಯೂಕ್ಲಿಯಸ್ ಬಿದ್ದೋಯ್ತು!" ಎಂದು ಅವಳು ಕಿರುಚಿದ್ದೇ ತಡ, ನೂರಿಪ್ಪತ್ತು ಮಕ್ಕಳೂ ಒಳಕ್ಕೆ ನುಗ್ಗಿ ನೆಲಕ್ಕೆ ಮುಖ ತಾಗಿಸಿ ಹುಡುಕತೊಡಗಿದರು. ಇಸ್ತ್ರಿಯ ಪ್ಯಾಂಟಿನ ಹೆಡ್‌ಮಾಸ್ಟರೂ ಮಂಡಿಯೂರಿದರು. ಹತ್ತು ನಿಮಿಷ ಹುಡುಕಿದರೂ ಅದು ಸಿಗಲಿಲ್ಲ. ಕೊನೆಗೆ ಅವರು ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತಾ ಎದ್ದು, ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. "ಅರ್ಥವಾಯ್ತಮ್ಮ. ಚೆನ್ನಾಗಿ ಅರ್ಥವಾಯ್ತು. ಆ ಪೊಟ್ಟಣ ಇಲ್ಲೇ ಬಿಟ್ಟು ಹೋಗಿ." ಆಮೇಲೆ ಅವರೇ ಬರೆದ ಎರಡನೆಯ ಪತ್ರವನ್ನು ಯಜಮಾನರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ನಾಲ್ಕನೆಯದು ಅತ್ತೆಗೆ ಸಲೀಸಾಯಿತು. ಎಲೆಕ್ಟ್ರಾನು ಸುಮ್ಮನೆ ಸುತ್ತುತ್ತಿದ್ದರೆ ಶಕ್ತಿ ಕಳೆದುಕೊಂಡು ಕ್ಷಣದಲ್ಲಿ ನ್ಯೂಕ್ಲಿಯಸ್ಸಿಗೆ ಬಿದ್ದುಹೋಗಬೇಕಿತ್ತು. ಅದು ಬೀಳುವುದಿಲ್ಲ ಯಾಕೆ ಎಂಬುದಕ್ಕೆ, ಹಾಳೆ ಮೇಷ್ಟ್ರ ಹತ್ತಿರ ಕೆಲಸ ಮಾಡಿದ್ದ ಒಬ್ಬ ತರುಣ ಉತ್ತರ ಕೊಟ್ಟ: ಅದು ನಿಗದಿಯಾದ ಕೆಲವು ಸುತ್ತುಗಳಲ್ಲಿ ಮಾತ್ರ ಇರಬಲ್ಲದು. ಒಂದರಿಂದ ಇನ್ನೊಂದಕ್ಕೆ ನೆಗೆಯಬಹುದು, ನಡುವೆ ನಿಲ್ಲುವಂತಿಲ್ಲ. ಅತ್ತೆ ಇವನನ್ನು 'ಮೆಟ್ಟಿಲು ಮೇಷ್ಟ್ರು' ಎಂದಳು. ಹಿತ್ತಾಳೆ ತಂತಿಯ ಬಳೆಗಳನ್ನು ಒಂದರೊಳಗೊಂದು ಜೋಡಿಸಿ, ಮಣಿಯನ್ನು ಒಂದು ಬಳೆಯಿಂದ ಬಿಡಿಸಿದರೆ ಮುಂದಿನ ಬಳೆಗೇ ಹೋಗಿ ಕಚ್ಚಿಕೊಳ್ಳುವಂತೆ ಮಾಡಿದಳು. ನಡುವೆ ನಿಲ್ಲಿಸಲು ಯಜಮಾನರು ಅರ್ಧ ಗಂಟೆ ಪ್ರಯತ್ನಪಟ್ಟು ಸೋತರು.

ಐದನೆಯದು ಅವಳನ್ನು ಸುಸ್ತು ಹೊಡೆಸಿತು. ಬಳೆಯೂ ಸರಿಯಲ್ಲ, ಎಲೆಕ್ಟ್ರಾನಿಗೆ ದಾರಿ ಎನ್ನುವುದೇ ಇಲ್ಲ. ಅದು ಇಲ್ಲಿ ಸಿಗುವ ಸಾಧ್ಯತೆ ಇಷ್ಟು, ಅಲ್ಲಿ ಸಿಗುವ ಸಾಧ್ಯತೆ ಇಷ್ಟು ಎನ್ನಬಹುದು, ಅಷ್ಟೇ. ಅದನ್ನು ಮೋಡದ ಹಾಗೆ ಬರೆಯುತ್ತಾರೆ. ಅತ್ತೆ ಮೊದಲು ಹತ್ತಿಯಲ್ಲಿ ಮಾಡಿದಳು. ಅದು ಕೂಸಿನ ದಿಂಬಿನಂತಾಯಿತು. ಆಮೇಲೆ ಲೇತಿಗೆ ತಂತಿ ಕಟ್ಟಿ, ತುದಿಗೆ ಮಣಿ ಸಿಕ್ಕಿಸಿ ಗಿರ್ರನೆ ತಿರುಗಿಸಿದಳು. ಮಣಿ ಕಾಣದೆ ಬರೀ ಮಂಜು ಮಂಜಾದ ಒಂದು ಬಳೆ ಕಂಡಿತು. ಇದೇ ಸರಿ ಎಂದು ಹಿಗ್ಗಿ ಟೀಚರನ್ನು ಕರೆದಳು.

ಟೀಚರ್ ನೋಡಿ ತಲೆಯಾಡಿಸಿದರು. "ಚೆಂದ ಇದೆ. ಆದ್ರೆ ತಪ್ಪು. ನಿನ್ನ ಮಣಿ ಪ್ರತಿ ಕ್ಷಣವೂ ಎಲ್ಲೋ ಒಂದು ಕಡೆ ಇದ್ದೇ ಇದೆ. ವೇಗಕ್ಕೆ ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ. ಎಲೆಕ್ಟ್ರಾನು ಹಾಗಲ್ಲಮ್ಮ. ನಾವು ಹುಡುಕೋ ತನಕ ಅದು ಇಂಥ ಕಡೆ ಇದೆ ಅಂತ ಹೇಳೋಕೇ ಬರಲ್ಲ."

"ಎಲ್ಲೂ ಇಲ್ಲದ್ದನ್ನ ನಾನು ಎಲ್ಲಿ ಕೂರಿಸಲಿ ಟೀಚರ್?" ಎಂದು ಅತ್ತೆ ಲೇತು ಆರಿಸಿ, ತಲೆಗೆ ಕೈಹೊತ್ತು ಕೂತಳು. ಹದಿಮೂರು ವರ್ಷದಲ್ಲಿ ಅವಳು ಹಾಗೆ ಕೂತದ್ದನ್ನು ಯಾರೂ ಕಂಡಿರಲಿಲ್ಲ. ಟೀಚರಿಗೂ ಪಾಪ ಎನ್ನಿಸಿತು. "ಒಂದೇ ಎಲೆಕ್ಟ್ರಾನನ್ನ ಸಾವಿರ ಸಲ ಹುಡುಕಿದೆ ಅಂತ ಇಟ್ಕೋ. ಸಿಕ್ಕ ಕಡೆಯೆಲ್ಲ ಒಂದೊಂದು ಚುಕ್ಕೆ ಇಡ್ತಾ ಹೋದ್ರೆ ನಡುವೆ ಒತ್ತೊತ್ತಾಗಿ, ಅಂಚಿಗೆ ಹೋದ ಹಾಗೆ ವಿರಳವಾಗಿ ಬರುತ್ತೆ. ಅದೇ ಮೋಡ" ಎಂದರು.

ಉಪ್ಪು ಕಾಗದಕ್ಕೆಂದು ಬಂದು ನಿಂತಿದ್ದ ಪೇಂಟರ್ ಇದನ್ನೆಲ್ಲ ಕೇಳಿಸಿಕೊಂಡು, ಕಾಗದವನ್ನೂ ಕೇಳದೆ ಮೇಲೆ ಹೋದರು. ಮಧ್ಯಾಹ್ನದ ಹೊತ್ತಿಗೆ ಇಳಿದು ಬಂದವರ ಕೈಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂಬತ್ತು ಹಾಳೆಗಳಿದ್ದವು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ, ಹೆಬ್ಬೆರಳಿನಿಂದ ಮೀಟಿ, ಪ್ರತಿಯೊಂದರ ಮೇಲೂ ಸಣ್ಣ ಸಣ್ಣ ಚುಕ್ಕೆ ಚಿಮುಕಿಸಿದ್ದರು; ನಡುವಿನ ಹಾಳೆಗೆ ಹೆಚ್ಚು, ಆಚೀಚೆಯವಕ್ಕೆ ಕಡಿಮೆ. ಅತ್ತೆ ಮರದ ಚೌಕಟ್ಟಿನಲ್ಲಿ ಒಂಬತ್ತು ಗೀರು ಕೊರೆದಳು. ಹಾಳೆಗಳನ್ನು ಒಂದರ ಹಿಂದೊಂದು ಇಳಿಸಿ, ಚೌಕಟ್ಟನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಒಳಗೆ ನೀಲಿಯ ದುಂಡನೆಯ ಮೋಡವೊಂದು ತೇಲುತ್ತಿತ್ತು. ಅದಕ್ಕೆ ಅಂಚೂ ಇರಲಿಲ್ಲ, ಮುಟ್ಟಲು ಮೈಯೂ ಇರಲಿಲ್ಲ.

ಟೀಚರ್ ಬಹಳ ಹೊತ್ತು ಅದನ್ನೇ ನೋಡಿ, "ಇದೇ" ಎಂದರು. ಕಣ್ಣೊರೆಸಿಕೊಂಡು, ಚಹಾ ತರುತ್ತೇನೆಂದು ನೆಪ ಹೇಳಿ ಹೊರಗೆ ಹೋದರು. ನೆಪವಲ್ಲದೆ ಇನ್ನೇನು, ಅವರು ಚಹಾ ಕುಡಿಯುತ್ತಲೇ ಇರಲಿಲ್ಲ.

ಪೇಂಟರ್ ಉಸಿರು ಬಿಗಿಹಿಡಿದು ನಿಂತಿದ್ದರು. "ನಿಮ್ಮ ಉಪ್ಪು ಕಾಗದ ಮರೆತೇ ಹೋಯ್ತಲ್ಲ" ಎಂದಳು ಅತ್ತೆ.

"ಬೇಡ. ಮನೇಲಿ ಒಂದು ಪೆಟ್ಟಿಗೆ ತುಂಬಾ ಇದೆ."

"ಮತ್ತೆ ಹನ್ನೊಂದು ವರ್ಷದಿಂದ ಯಾಕೆ ಇಸ್ಕೋತಿದ್ರಿ?"

"ಅದನ್ನ ಕೇಳ್ತೀರೇನೋ ಅಂತ ಹನ್ನೊಂದು ವರ್ಷದಿಂದ ಕಾಯ್ತಿದ್ದೆ."

ಅತ್ತೆ ನಕ್ಕಳಂತೆ. ಮುಂದೇನಾಯಿತೆಂದು ಅವಳು ನನಗೆ ಹೇಳಿಲ್ಲ. ನಾನು ಎಷ್ಟು ಕಾಡಿದರೂ "ಆಮೇಲೆ ಟೀಚರ್ ಚಹಾ ತಂದ್ರು" ಎಂದು ಕತೆ ಮುಗಿಸಿಬಿಡುತ್ತಾಳೆ.

ಎಲ್ಲವೂ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಇಲಾಖೆಯಿಂದ ಕರೆ ಬಂತು. ಉದ್ದನೆಯ ಕೋಣೆ, ಉದ್ದನೆಯ ಮೇಜು, ಸುತ್ತಲೂ ಏಳು ಜನ. ಮೇಜಿನ ಮೇಲೆ ಐದು ಮಾದರಿಗಳು ಸಾಲಾಗಿ ಕೂತಿದ್ದವು. ದೊಡ್ಡ ಸಾಹೇಬರು ಕೆಟ್ಟವರಲ್ಲ, ಆತುರದವರು. "ಕೆಲಸ ಚೆನ್ನಾಗಿದೆ. ಆದರೆ ನಾಲ್ಕು ಹೇಗೂ ತಪ್ಪು ಅಂತ ನೀವೇ ಬರೆದಿದ್ದೀರಿ. ಮಕ್ಕಳಿಗೆ ಗೊಂದಲ ಯಾಕೆ? ಐದನೆಯದೊಂದನ್ನೇ ಕಳಿಸೋಣ" ಎಂದರು. ಟೀಚರ್ ಉತ್ತರ ಕೊಡಲು ಶುರುಮಾಡಿದರು. ಮೂವತ್ತು ವರ್ಷದ ಅಭ್ಯಾಸವಲ್ಲವೇ, ಎರಡೂವರೆ ಸಾವಿರ ವರ್ಷದ ಹಿಂದಿನಿಂದ ಎತ್ತಿಕೊಂಡರು. ಸಾಹೇಬರು ಗಡಿಯಾರ ನೋಡಿಕೊಂಡರು.

ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ಎದ್ದಳು. ನಾಲ್ಕು ಮಾದರಿಗಳನ್ನೂ ಒಂದೊಂದಾಗಿ ಎತ್ತಿ ಮೇಜಿನ ಕೆಳಗಿಟ್ಟಳು. ಮೋಡವನ್ನು ಮಾತ್ರ ಸಾಹೇಬರ ಮುಂದೆ ಸರಿಸಿದಳು.

"ಸಾರ್, ನಾನು ಏಳನೇ ಕ್ಲಾಸಿನವಳು. ನೀವೇ ಮೇಷ್ಟ್ರು ಅಂತ ಇಟ್ಕೊಳ್ಳಿ. ಇದೇನು?"

ಸಾಹೇಬರು ಹುಬ್ಬೇರಿಸಿದರು. ಪಕ್ಕದವರು ನಸುನಗುವುದು ಕಂಡು ಅವರೂ ಆಟಕ್ಕೆ ಇಳಿದರು. "ಪರಮಾಣು."

"ಹೀಗೆ ಚುಕ್ಕೆ ಚುಕ್ಕೆ ಯಾಕಿದೆ?"

"ಎಲೆಕ್ಟ್ರಾನು ಬಳೆಯಂಥ ದಾರಿಯಲ್ಲಿ ಸುತ್ತಲ್ಲ, ಅದಕ್ಕೆ."

"ಯಾವ ಬಳೆ ಸಾರ್?"

"ಮೊದಲು ಹಾಗೆ ಅಂದುಕೊಂಡಿದ್ದರಮ್ಮ." ಅತ್ತೆ ಬಗ್ಗಿ ನಾಲ್ಕನೆಯದನ್ನು ಎತ್ತಿ ಮೇಜಿನ ಮೇಲಿಟ್ಟಳು.

"ಅವರು ಬಳೆ ಅಂತ ಯಾಕೆ ಅಂದ್ಕೊಂಡ್ರು?"

"ಯಾಕೆ ಅಂದರೆ... ನಡುವೆ ನ್ಯೂಕ್ಲಿಯಸ್ ಇದೆ ಅಂತ ಗೊತ್ತಾಗಿತ್ತು. ಎಲೆಕ್ಟ್ರಾನು ಅದಕ್ಕೆ ಬೀಳದೆ ಇರಬೇಕಿತ್ತು." ಮೂರನೆಯದು ಮೇಲೆ ಬಂತು.

"ನಡುವೆ ಇದೆ ಅಂತ ಹೇಗೆ ಗೊತ್ತಾಯ್ತು? ಒಳಗೆಲ್ಲ ಒಂದೇ ಥರ ಇರಬಾರದಾ?"

"ಒಂದೇ ಥರ ಇದ್ದಿದ್ದರೆ ಕಣಗಳು ಹಿಂದಕ್ಕೆ ಚಿಮ್ಮುತ್ತಿರಲಿಲ್ಲ. ಮುಂಚೆ ಹಾಗೇ ಅಂದುಕೊಂಡಿದ್ದರು, ಕಲ್ಲಂಗಡಿ..." ಎನ್ನುತ್ತಾ ಸಾಹೇಬರು ತಾವೇ ಬಗ್ಗಿ ಎರಡನೆಯದನ್ನು ಎತ್ತಿದರು. ಎತ್ತಿದವರು ಕೈಯಲ್ಲೇ ಹಿಡಿದು ನಿಂತರು. ಸುತ್ತಲಿನವರು ಜೋರಾಗಿ ನಗತೊಡಗಿದರು. ಅತ್ತೆ ಮೊದಲನೆಯ ಗುಂಡನ್ನು ತಾನೇ ಎತ್ತಿ ಸಾಲಿನ ತುದಿಗಿಟ್ಟಳು.

"ಒಂದೇ ಸಾಕು ಅಂದಿದ್ರಿ ಸಾರ್. ನಂಗೆ ಅರ್ಥ ಮಾಡ್ಸೋಕೆ ನಿಮಗೇ ಐದೂ ಬೇಕಾಯ್ತು."

ಸಾಹೇಬರು ಕಲ್ಲಂಗಡಿಯನ್ನು 'ಟಕ್' ಎಂದು ಮುಚ್ಚಿದರು. ಸಂದು ಎಲ್ಲಿದೆ ಎಂದು ಉಗುರಿನಿಂದ ಹುಡುಕಿದರು, ಸಿಗಲಿಲ್ಲ. "ಐದೂ ಹೋಗಲಿ" ಎಂದರು. "ಆದರೆ ಒಂದು ಷರತ್ತು. ಪ್ರತಿಯೊಂದರ ಪೀಠದ ಮೇಲೂ, ಅದು ತಪ್ಪು ಅಂತ ಹೇಗೆ ಗೊತ್ತಾಯಿತು ಅನ್ನೋದನ್ನ ಒಂದು ಸಾಲಿನಲ್ಲಿ ಬರೆಸಿ."

"ಐದನೇದಕ್ಕೆ ಏನು ಬರೆಸ್ಲಿ ಸಾರ್?"

"ಜಾಗ ಖಾಲಿ ಬಿಡಿ" ಎಂದರು ಸಾಹೇಬರು. ಟೀಚರ್ ಅಷ್ಟು ಜನರೆದುರೇ ಚಪ್ಪಾಳೆ ತಟ್ಟಿದರು.

ಎಲ್ಲ ಪೆಟ್ಟಿಗೆಗಳೂ ಶಾಲೆಗಳನ್ನು ಸೇರಲು ಒಂದೂವರೆ ವರ್ಷ ಹಿಡಿಯಿತು. ಆ ನಡುವೆ ಒಂದು ಗುರುವಾರ ಊಟದ ಬಿಡುವಿನಲ್ಲಿ ಅತ್ತೆ ಮತ್ತು ಪೇಂಟರ್ ನೋಂದಣಿ ಕಚೇರಿಗೆ ಹೋಗಿ ಮದುವೆಯಾಗಿ ಬಂದರು. ಸಾಕ್ಷಿ ಹಾಕಿದವರು ಟೀಚರ್ ಮತ್ತು ಯಜಮಾನರು. ನನ್ನ ಅಪ್ಪ ಖುಷಿಗೆ ಅತ್ತು ರಂಪ ಮಾಡಿ ಎಲ್ಲರ ಮುಂದೆ ನಗೆಪಾಟಲಾದರು. ಪೇಂಟರ್ ಅಂದಿನಿಂದ ನನಗೆ ಮಾವ. ಟೀಚರ್ ಎಂಬತ್ತೆಂಟು ವರ್ಷ ಬಾಳಿ, ಒಂದು ದಿನ ಪುಸ್ತಕ ಓದುತ್ತಿದ್ದಾಗಲೇ ಹೊರಟುಹೋದರು. ಅವರ ಚೀಲ, ಚಿತ್ರಗಳು, ಕನ್ನಡಕ ಅತ್ತೆಗೆ ಬಂದವು.

ಈಗ ಅತ್ತೆಗೆ ಅರವತ್ತೆಂಟು. ಮಂಡಿನೋವಿಗೆ ಲೇತಿನ ಮುಂದೆ ಬಹಳ ಹೊತ್ತು ನಿಲ್ಲಲಾರಳು. ಕಾರ್ಖಾನೆಯ ಮರಗೆಲಸವನ್ನು ಅವಳೇ ಕಲಿಸಿದ ಇಬ್ಬರು ಹೆಂಗಸರು ನೋಡಿಕೊಳ್ಳುತ್ತಾರೆ. ನನಗೂ ಕಲಿಸಲು ಹೋಗಿ, ನಾನು ಕಡೆದದ್ದು ಮೊಟ್ಟೆಯಾದ ಮೇಲೆ ಕೈಬಿಟ್ಟಳು. ತಿಂಗಳಿಗೆ ಎರಡು ಸಲ ಶಾಲೆಗಳಿಂದ ಕರೆ ಬರುತ್ತದೆ. ನಾನು ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಹಿಂದಿನ ಸೀಟಿನಲ್ಲಿ ಮಾವ ಐದು ಮಾದರಿಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಕಾರನ್ನು ರಸ್ತೆಯ ಗುಂಡಿಗೆ ಇಳಿಸಿದಾಗಲೆಲ್ಲ ಬೈಯುತ್ತಾ ಬರುತ್ತಾರೆ.

ಕಳೆದ ತಿಂಗಳು ಒಂದು ಶಾಲೆಯಲ್ಲಿ, ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಜ್ಜಿ, ನ್ಯೂಕ್ಲಿಯಸ್ ಒಳಗೆ ಪ್ರೋಟಾನ್ ಇದೆ ಅಂತಾರಲ್ಲ, ಆ ಪ್ರೋಟಾನ್ ಒಳಗೆ ಏನಿದೆ?"

ಅತ್ತೆ ಒಂದು ಗಳಿಗೆ ಯೋಚಿಸಿದಳು. "ಏನೋ ಇದೆಯಂತೆ ಕಣಮ್ಮ. ನಂಗೆ ಸರಿಯಾಗಿ ಗೊತ್ತಿಲ್ಲ. ಓದ್ಕೊಂಡು ಬಂದು ಹೇಳ್ತೀನಿ."

ಮರುದಿನ ಬೆಳಿಗ್ಗೆ ಎಂಟಕ್ಕೇ ನನ್ನ ಮನೆಯ ಬಾಗಿಲು ತಟ್ಟಿದಳು. ಸಾರ್ವಜನಿಕ ಗ್ರಂಥಾಲಯ ತೆರೆಯುವುದು ಒಂಬತ್ತಕ್ಕೆ. ನಾವಿಬ್ಬರೂ ಅದರ ಮೆಟ್ಟಿಲ ಮೇಲೆ ಕೂತು ಕಾದೆವು. ಬೀಗ ತೆಗೆದ ಗ್ರಂಥಪಾಲಕಿ ಅತ್ತೆಯ ಹೆಸರಿನಲ್ಲಿ ಹೊಸ ಕಾರ್ಡು ಬರೆದುಕೊಟ್ಟರು. ಅವಳ ಜೀವಮಾನದಲ್ಲಿ ಮೊದಲನೆಯ ಗ್ರಂಥಾಲಯದ ಕಾರ್ಡು. ಯಾವ ವಿಷಯದ ಪುಸ್ತಕ ಬೇಕು ಎಂದು ಕೇಳಿದ್ದಕ್ಕೆ ಅತ್ತೆ, "ಪ್ರೋಟಾನಿನ ಒಳಗಿನದು" ಎಂದಳು. ಅವರು ಒಳಗಿನ ಕಪಾಟಿನಿಂದ ದಪ್ಪನೆಯದೊಂದು, ತೆಳ್ಳನೆಯದೊಂದು ತಂದಿಟ್ಟರು. ಅತ್ತೆ ಎರಡನ್ನೂ ತೂಗಿ ನೋಡಿ ದಪ್ಪನೆಯದನ್ನು ನನ್ನ ಕೈಗೆ ಹೊರಿಸಿದಳು. ತೆಳ್ಳನೆಯದನ್ನು ಮೆಟ್ಟಿಲಿಳಿಯುವ ಮೊದಲೇ ತೆರೆದುಕೊಂಡು, "ನಿಧಾನ ಹೋಗೇ, ಓದ್ತಾ ಇದ್ದೀನಿ" ಎಂದು ಗದರಿಸಿದಳು.